ಸರಕು ವಿಮಾನ ಕೊಡಲಿ ಹಿಡಿದಾಗ

ಹಳೆಯ ಡಕೋಟಾ ಸರಕು ವಿಮಾನವೊಂದನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ 2018ರಲ್ಲಿ ಭಾರತೀಯ ವಾಯುಪಡೆಗೆ ಸೇರಿಸಿದಾಗ, ಅದಕ್ಕೆ ಇಟ್ಟ ಹೆಸರು ‘ಪರಶುರಾಮ’. ಪರಶುರಾಮ ಸೃಷ್ಟಿಯೆಂದೇ ಹೆಸರಾದ ತುಳುನಾಡಿನ ಪುತ್ತೂರು, ಸುಳ್ಯ, ಕಡಬದವರಿಗೆ ಆ ಕೊಡಲಿಯ ಕಥೆ ಹೊಸತಲ್ಲ. ಕೊಡಲಿ ಸೌದೆ ಒಡೆಯುವ ಸಾಧನವೂ ಹೌದು, ಆಯುಧವೂ ಹೌದು. ಸರಕು ವಿಮಾನದ ಚರಿತ್ರೆಯೂ ಹಾಗೆಯೇ.

1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ತಂದಿಳಿಸಿದ್ದು ಡಕೋಟಾಗಳು. ಮುಂದೆ ಅದೇ ಯುದ್ಧದಲ್ಲಿ ಅವುಗಳ ಬಾಗಿಲಿನಿಂದ ಬಾಂಬು ಉರುಳಿಸಿದ್ದೂ ಉಂಟು. ಬಾಂಬರ್ ವಿಮಾನಗಳ ಕೊರತೆಯೇ ಈ ಉಪಾಯಕ್ಕೆ ಮೂಲ.

ಅಮೆರಿಕನ್ನರು ವಿಯೆಟ್ನಾಂನಲ್ಲಿ ಇನ್ನೊಂದು ದಾರಿ ಹಿಡಿದರು. 1964ರ ಡಿಸೆಂಬರಿನಲ್ಲಿ ಅದೇ ಡಕೋಟಾದ ಎಡಮಗ್ಗುಲಿಗೆ ಮೂರು ಮೆಷಿನ್‌ಗನ್ ಜೋಡಿಸಿ ಕಾಳಗಕ್ಕಿಳಿಸಿದರು. ಒಂದೊಂದೂ ನಿಮಿಷಕ್ಕೆ 6,000ದವರೆಗೆ ಗುಂಡು ಉಗುಳಬಲ್ಲದು. ಎಡಕ್ಕೇ ಏಕೆ? ಪೈಲಟ್ ಕುಳಿತುಕೊಳ್ಳುವುದು ಎಡಗಡೆ. ತನ್ನ ಕಿಟಕಿಯಿಂದಲೇ ಗುರಿ ನೋಡಬಹುದು. ಗೂಟಕ್ಕೆ ಕಟ್ಟಿದ ದನ ಹಗ್ಗದಳತೆಯಲ್ಲಿ ಸುತ್ತುವಂತೆ ವಿಮಾನ ಎಡಕ್ಕೆ ವಾಲಿ ವೃತ್ತಾಕಾರವಾಗಿ ಹಾರುತ್ತಿದ್ದರೆ, ಗುಂಡುಗಳೆಲ್ಲ ಆ ಗೂಟದ ಜಾಗಕ್ಕೇ ಬೀಳುತ್ತವೆ. ಯುದ್ಧವಿಮಾನ ಕ್ಷಣದಲ್ಲಿ ಗುರಿಯನ್ನು ದಾಟಿ ಹೋಗುತ್ತದೆ. ಇದು ಬಹಳ ಹೊತ್ತು ತಲೆಯ ಮೇಲೆಯೇ ಇರುತ್ತದೆ.

ಡಕೋಟಾದ ಬಳಿಕ ‘ಪ್ಯಾಕೆಟ್’ ಎಂಬ ಸರಕು ವಿಮಾನಕ್ಕೂ ಅಮೆರಿಕನ್ನರು ಫಿರಂಗಿ ಕಟ್ಟಿದರು. ಹೆಚ್ಚಿದ ಭಾರಕ್ಕೆಂದು ಕೆಲವಕ್ಕೆ ಎರಡು ಜೆಟ್ ಎಂಜಿನ್‌ಗಳನ್ನೂ ಸೇರಿಸಿದರು. ಭಾರತದ ಪ್ಯಾಕೆಟ್‌ಗಳೂ ಜೆಟ್ ಎಂಜಿನ್ ಪಡೆದವು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುತ್ತಿದ್ದ ಆರ್ಫಿಯಸ್ ಎಂಜಿನನ್ನು ಅವು ಬೆನ್ನ ಮೇಲೆ ಹೊತ್ತವು. ಆದರೆ ಉದ್ದೇಶ ಬೇರೆ: ಲಡಾಖಿನ ತೆಳುಗಾಳಿಯಲ್ಲಿ ಸೈನಿಕರಿಗೆ ಸಾಮಗ್ರಿ ಮುಟ್ಟಿಸುವುದು. ವಿಮಾನ ಒಂದೇ, ಅಗತ್ಯ ಎರಡು.

1971ರ ಯುದ್ಧದಲ್ಲಿ ಭಾರತ ಮತ್ತೆ ಹಳೆಯ ಉಪಾಯಕ್ಕೇ ಮರಳಿತು. ಆಂಟೊನೊವ್-12 ಸರಕು ವಿಮಾನಗಳು ಪಾಕಿಸ್ತಾನದ ಚಾಂಗಾ ಮಾಂಗಾ ಕಾಡಿನಲ್ಲಿದ್ದ ಮದ್ದುಗುಂಡಿನ ದಾಸ್ತಾನಿನ ಮೇಲೆ ರಾತ್ರಿ ವೇಳೆ ಬಾಂಬು ಸುರಿದವು. ಆ ದಾಳಿಗಳ ಮುಂದಾಳು ವಿಂಗ್ ಕಮಾಂಡರ್ ವಿ.ಬಿ. ವಶಿಷ್ಠ ಅವರಿಗೆ ಮಹಾವೀರ ಚಕ್ರ ಸಂದಿತು. ಪೂರ್ವದಲ್ಲಿ, ದಿಮಾಪುರದಲ್ಲಿ ತರಬೇತಾದ ಬಾಂಗ್ಲಾ ಪೈಲಟ್‌ಗಳ ಪುಟ್ಟ ಆಟರ್ ವಿಮಾನಕ್ಕೆ ರಾಕೆಟ್ ಕಟ್ಟಲಾಗಿತ್ತು.

ಈ ವಿಮಾನಗಳು ಹೆಚ್ಚಾಗಿ ಕತ್ತಲನ್ನೇ ಆಶ್ರಯಿಸಿದ್ದಕ್ಕೆ ಕಾರಣವಿದೆ. ಸರಕು ವಿಮಾನ ದೊಡ್ಡದು, ನಿಧಾನಗತಿಯದು. ಪ್ಯಾಕೆಟ್‌ನ ಅನಂತರ ಬಂದ ಹರ್ಕ್ಯುಲಿಸ್‌ಗೆ 105 ಮಿಲಿಮೀಟರ್ ಫಿರಂಗಿಯನ್ನೇ ಕೂರಿಸಲಾಯಿತು. ಆದರೂ ಆ ದೌರ್ಬಲ್ಯ ನೀಗಲಿಲ್ಲ. 1991ರ ಜನವರಿ 31ರಂದು, ಖಫ್ಜಿ ಕಾಳಗದಲ್ಲಿ ಬೆಳಗಾದರೂ ಹಿಂದಿರುಗದ ಇಂಥದೊಂದು ವಿಮಾನವನ್ನು ಇರಾಕಿ ಕ್ಷಿಪಣಿ ಕೆಡವಿತು. ಒಳಗಿದ್ದ 14 ಮಂದಿಯೂ ಸತ್ತರು. ಗುರಿಯ ಮೇಲೆ ಬಹಳ ಹೊತ್ತು ನಿಲ್ಲುವುದೇ ಈ ಆಯುಧದ ಬಲ. ಹಾಗೆ ನಿಂತಷ್ಟೂ ಕೆಳಗಿನವನಿಗೂ ಗುರಿಯಿಡಲು ಸಮಯ ಸಿಗುತ್ತದೆ.