ತೀರಿಸಿದ ಮುಯ್ಯಿ, ತೀರಿಸಿಕೊಂಡ ಮುಯ್ಯಿ

ಧಾರೆ ಮುಗಿಯುತ್ತಿದ್ದಂತೆ ಮದುವೆ ಮನೆಯ ಮೂಲೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಚಾಪೆಯ ಮೇಲೆ ಕೂರುತ್ತಿದ್ದರು. ಸೋದರಮಾವನಿಂದ ನೂರೊಂದು ರೂಪಾಯಿ, ದೊಡ್ಡಮ್ಮನ ಮನೆಯಿಂದ ತಾಮ್ರದ ಕೊಡ ಎಂದು ಇನ್ನೊಬ್ಬರು ಚಪ್ಪರಕ್ಕೆಲ್ಲ ಕೇಳುವಂತೆ ಕೂಗುತ್ತಿದ್ದರು. ಇದು ಮುಯ್ಯಿ ಓದಿಸುವುದು. ಆ ಪುಸ್ತಕವನ್ನು ಯಾರೂ ರದ್ದಿಗೆ ಹಾಕುವುದಿಲ್ಲ. ಕೊಟ್ಟವರ ಮನೆಯಲ್ಲಿ ಮದುವೆ ನಡೆದಾಗ ಟ್ರಂಕಿನಿಂದ ತೆಗೆದು, ಬಂದದ್ದೆಷ್ಟು ಎಂದು ನೋಡಿ, ಅದಕ್ಕೆ ಕಡಿಮೆಯಾಗದಂತೆ ಬರೆಸಬೇಕು. ನಾಟಿಯ ದಿನಗಳಲ್ಲಿ ಇದೇ ಲೆಕ್ಕ ಗದ್ದೆಗೂ ಇಳಿಯುತ್ತಿತ್ತು. ಇವತ್ತು ನಮ್ಮ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು; ಕೂಲಿಯ ಮಾತಿಲ್ಲ. ಅದು ಮುಯ್ಯಾಳು.

1978ರಲ್ಲಿ ‘ಮುಯ್ಯಿಗೆ ಮುಯ್ಯಿ’ ಎಂಬ ಸಿನಿಮಾ ಬಂದಾಗ ಮಾತ್ರ, ಉಡುಗೊರೆಯ ಕಥೆ ಇರಬಹುದೆಂದು ಯಾರೂ ಟಿಕೆಟ್ ಕೊಂಡಿರಲಾರರು; ಮುಯ್ಯಿ ಎಂದರೆ ಸೇಡು ಕೂಡ.

ತಮಿಳಿನ ‘ಮೊಯ್’ ಈ ಪದದ ಒಡಹುಟ್ಟು. ಪುದುಕ್ಕೋಟೈ, ತಂಜಾವೂರು ಕಡೆ ಊಟ ಹಾಕಿಸಿ ಬಂಧುಬಳಗದಿಂದ ಹಣ ಎತ್ತುವ ‘ಮೊಯ್ ವಿರುಂದು’ ಈಗಲೂ ಉಂಟು. ಆದರೆ ಇಂದಿನ ತಮಿಳು ಮಾತಿನಲ್ಲಿ ಮೊಯ್ ಎಂದರೆ ಸೇಡು ನೆನಪಾಗುವುದಿಲ್ಲ. ಕನ್ನಡದ ಮುಯ್ಯಿ ಮಾತ್ರ ಕೊಡಕ್ಕೂ ಕೊಡಲಿಗೂ ಒಂದೇ ಹೆಸರಾಯಿತು.

ಹಾಗಾದರೆ ಕೇಳುವವನಿಗೆ ಯಾವುದು ಯಾವುದೆಂದು ಗೊತ್ತಾಗುವುದು ಹೇಗೆ? ಕ್ರಿಯಾಪದ ನೋಡಿ. ಸಾಲ ತೀರಿಸುತ್ತೇವೆ, ಋಣ ತೀರಿಸುತ್ತೇವೆ, ಮದುವೆಯ ಮುಯ್ಯಿಯನ್ನೂ ತೀರಿಸುತ್ತೇವೆ. ಹಗೆಯ ಮುಯ್ಯಿಯನ್ನು ಮಾತ್ರ ತೀರಿಸಿ‘ಕೊಳ್ಳು’ತ್ತೇವೆ. ಮೊದಲನೆಯದರಲ್ಲಿ ಪಾವತಿ ಇನ್ನೊಬ್ಬರ ಕೈಗೆ. ಎರಡನೆಯದರಲ್ಲಿ ತಣಿಯುವುದು ನಮ್ಮದೇ ಹೊಟ್ಟೆಯ ಉರಿ. ವ್ಯಾಕರಣ ಇಷ್ಟು ನಿಷ್ಠುರವಾಗಿ ಮಾತಾಡುವುದು ಅಪರೂಪ.

ಈ ಎರಡು ಕ್ರಿಯಾಪದಗಳ ನಡುವೆ ಓಡಾಡಿದ ಚಿತ್ರವೊಂದಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಹಿಡಿದು ಸಿದ್ಧಲಿಂಗಯ್ಯ 1974ರಲ್ಲಿ ತೆಗೆದ ‘ಭೂತಯ್ಯನ ಮಗ ಅಯ್ಯು’. ಎಂ.ಪಿ. ಶಂಕರ್ ಮಾಡಿದ ಭೂತಯ್ಯ ಊರಿಗೆ ಸಾಲ ಕೊಟ್ಟು ಊರನ್ನೇ ಹಿಂಡಿದವನು. ಅವನು ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರಿನವರು ಬರುವುದಿಲ್ಲ. ಯಾರೂ ಕೈ ಎತ್ತಿಲ್ಲ, ಬೈದಿಲ್ಲ, ಸುಮ್ಮನೆ ಬಂದಿಲ್ಲ. ಕನ್ನಡ ತೆರೆಯ ಮೇಲೆ ಇದಕ್ಕಿಂತ ಕ್ರೂರವಾದ ಮುಯ್ಯಿ ನನಗೆ ನೆನಪಾಗುವುದಿಲ್ಲ. (ಹಳಗನ್ನಡದಲ್ಲಿ ಮುಯ್ಪು ಎಂದರೆ ಹೆಗಲು. ಎರಡನ್ನೂ ಒಂದೇ ಬೇರಿಗೆ ಕಟ್ಟುವ ಆಸೆಯಾಗುತ್ತದೆ, ಆದರೆ ಸದ್ದು ಒಂದಾದ ಮಾತ್ರಕ್ಕೆ ಬೇರು ಒಂದಾಗದು.) ಆಮೇಲೆ ಭೂತಯ್ಯನ ಮಗನಾದ ಲೋಕೇಶರ ಅಯ್ಯು, ಊರಿನವರಲ್ಲಿ ಒಬ್ಬನಾದ ವಿಷ್ಣುವರ್ಧನರ ಗುಳ್ಳ ಇಬ್ಬರೂ ಹಗೆಯನ್ನು ಬೆಳೆಸುತ್ತ ಹೋಗುತ್ತಾರೆ. ಆದರೆ ಹೊಳೆ ಉಕ್ಕಿ ಊರಿಗೆ ನುಗ್ಗಿದಾಗ ಅಯ್ಯುವಿನ ಮನೆಯವರನ್ನು ಉಳಿಸಲು ನೀರಿಗಿಳಿಯುವವನು ಅದೇ ಗುಳ್ಳ. ತೀರಿಸಿಕೊಳ್ಳಲು ಹೊರಟ ಕಥೆ ತೀರಿಸುವುದರಲ್ಲಿ ಮುಗಿಯಿತು.

ನಂತರದ ಬಹುಪಾಲು ಚಿತ್ರಗಳಿಗೆ ಈ ತಾಳ್ಮೆ ಇರಲಿಲ್ಲ. ಅವಕ್ಕೆ ಬೇಕಾದದ್ದು ‘ಸೇಡು’. ಎರಡೇ ಅಕ್ಷರ, ಪೋಸ್ಟರಿನಲ್ಲಿ ಕೆಂಪಾಗಿ ಕಾಣುತ್ತದೆ. ಮೊದಲ ರೀಲಿನಲ್ಲಿ ಅಪ್ಪನ ಕೊಲೆ, ಕೊನೆಯ ರೀಲಿನಲ್ಲಿ ಖಳನದು. ಮುಯ್ಯಿಯಲ್ಲಾದರೆ ಎಷ್ಟಕ್ಕೆ ಎಷ್ಟು ಎಂಬ ಪ್ರಶ್ನೆ ಇರುತ್ತದೆ. ಸೇಡಿಗೆ ಆ ಪುಸ್ತಕವೇ ಇಲ್ಲ, ಒಬ್ಬನಿಗಾಗಿ ನಾಯಕ ನಲವತ್ತು ಜನರನ್ನು ಕೆಡವಿದರೂ ಗಾಂಧಿನಗರದಲ್ಲಿ ಶಿಳ್ಳೆಯೇ.

ಇತ್ತ ಲಗ್ನಪತ್ರಿಕೆಯ ತುದಿಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚಾಗುತ್ತಿದೆ. ನಾಟಿಗೆ ಗುತ್ತಿಗೆಯ ಆಳುಗಳು ಟೆಂಪೊದಲ್ಲಿ ಬಂದಿಳಿಯುತ್ತಾರೆ. ಪೇಟೆಯಲ್ಲಿ ಬೆಳೆದವರ ಕಿವಿಗೆ ಮುಯ್ಯಿ ಬೀಳುವುದಿದ್ದರೆ ಅದು ಪತ್ರಿಕೆಯ ಕ್ರೀಡಾಪುಟದಲ್ಲಿ, ಕಳೆದ ಸರಣಿಯ ಸೋಲಿಗೆ ನಮ್ಮ ತಂಡ ಈ ಸಲ ಗೆದ್ದು ‘ಮುಯ್ಯಿ ತೀರಿಸಿಕೊಂಡಿತು’ ಎಂಬಲ್ಲಿ.