ಹಳೇ ಡೆಸ್ಕ್‌ಟಾಪ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್: ಖಾಲಿ ಸ್ಲಾಟ್ ಒಂದರ ಇತಿಹಾಸ

ನನಗೆ ಪದೇ ಪದೇ ಬರೋ ಪ್ರಶ್ನೆಯೊಂದಿದೆ. "ಮನೇಲಿ ಹತ್ತು ವರ್ಷದ ಹಳೇ ಡೆಸ್ಕ್‌ಟಾಪ್ ಇದೆ, ಕೈಯಲ್ಲಿ 15 ಸಾವಿರ ರೂಪಾಯಿ ಇದೆ. ಗೇಮ್ ಆಡೋ ಹಾಗೆ ಮಾಡಬಹುದಾ?" ಮಾಡಬಹುದು. ಯಾವ ಪಾರ್ಟ್ ತಗೋಬೇಕು ಅಂತ ಕೊನೆಯಲ್ಲಿ ಹೇಳ್ತೀನಿ. ಅದಕ್ಕೂ ಮೊದಲು ಒಂದು ವಿಷಯ ಯೋಚಿಸಿ. ನಿಮ್ಮ ಫೋನಿನ ಪ್ರೊಸೆಸರ್ ಬದಲಾಯಿಸೋಕೆ ಆಗಲ್ಲ. ಪ್ಲೇಸ್ಟೇಷನ್‌ಗೆ ಹೊಸ ಗ್ರಾಫಿಕ್ಸ್ ಚಿಪ್ ಹಾಕೋಕೆ ಆಗಲ್ಲ. ಡೆಸ್ಕ್‌ಟಾಪ್‌ಗೆ ಮಾತ್ರ ಯಾಕೆ ಆಗುತ್ತೆ?

ಉತ್ತರ 1981ರಲ್ಲಿದೆ. ಆ ವರ್ಷ ಆಗಸ್ಟ್ 12ರಂದು ಅಮೆರಿಕದ ಐಬಿಎಂ ಕಂಪನಿ ತನ್ನ ಮೊದಲ ಪಿಸಿ ಬಿಡುಗಡೆ ಮಾಡಿತು. ಫ್ಲಾರಿಡಾದ ಬೋಕಾ ರಟಾನ್‌ನಲ್ಲಿ ಒಂದು ಸಣ್ಣ ತಂಡ ಅವಸರದಲ್ಲಿ ಕಟ್ಟಿದ ಯಂತ್ರ ಅದು. ಎಲ್ಲವನ್ನೂ ತಾವೇ ತಯಾರಿಸೋಕೆ ಸಮಯ ಇರಲಿಲ್ಲ. ಹಾಗಾಗಿ ಪ್ರೊಸೆಸರ್ ಇಂಟೆಲ್‌ದು, ಆಪರೇಟಿಂಗ್ ಸಿಸ್ಟಮ್ ಮೈಕ್ರೋಸಾಫ್ಟ್‌ನದು. ಮದರ್‌ಬೋರ್ಡ್ ಮೇಲೆ 5 ಸ್ಲಾಟ್ ಇದ್ದವು. ಯಾರು ಬೇಕಾದರೂ ಅದಕ್ಕೆ ಕಾರ್ಡ್ ತಯಾರಿಸಲಿ ಅಂತ ಸರ್ಕ್ಯೂಟ್ ನಕ್ಷೆಗಳನ್ನೇ ಪುಸ್ತಕದಲ್ಲಿ ಅಚ್ಚು ಹಾಕಿ ಮಾರಿದರು. ಬಯಾಸ್ ಕೋಡ್ ಕೂಡ ಅದರಲ್ಲಿತ್ತು.

ಕೋಡ್ ಓದಬಹುದಿತ್ತು, ನಕಲು ಮಾಡೋ ಹಾಗಿರಲಿಲ್ಲ. ಅದಕ್ಕೆ ಕಾಪಿರೈಟ್ ಇತ್ತು. ಕಾಂಪ್ಯಾಕ್ ಕಂಪನಿ ಇದಕ್ಕೊಂದು ದಾರಿ ಹುಡುಕಿತು. ಬಯಾಸ್ ಏನೇನು ಕೆಲಸ ಮಾಡುತ್ತೆ ಅಂತ ಒಂದು ತಂಡ ಬರೆದುಕೊಟ್ಟಿತು. ಮೂಲ ಕೋಡ್ ನೋಡೇ ಇರದ ಇನ್ನೊಂದು ತಂಡ ಅದನ್ನ ಹೊಸದಾಗಿ ಬರೆಯಿತು. 1982ರ ನವೆಂಬರ್‌ನಲ್ಲಿ ಅವರ ಪಿಸಿ ಘೋಷಣೆಯಾಯ್ತು. ಆಮೇಲೆ ಇಂಥ ಕಂಪನಿಗಳ ಸಾಲೇ ಬಂತು.

1987ರಲ್ಲಿ ಐಬಿಎಂ ಬಾಗಿಲು ಮುಚ್ಚೋಕೆ ನೋಡಿತು. ಹೊಸ ಪಿಎಸ್/2 ಯಂತ್ರಗಳಿಗೆ ಬೇರೆಯದೇ ಸ್ಲಾಟ್ ಕೊಟ್ಟಿತು. ಹಳೇ ಕಾರ್ಡ್ ಅದಕ್ಕೆ ಕೂರಲ್ಲ, ಬೇರೆ ಕಂಪನಿಗಳು ಆ ಸ್ಲಾಟ್ ಬಳಸಬೇಕಂದ್ರೆ ಲೈಸೆನ್ಸ್ ಹಣ ಕಟ್ಟಬೇಕು. ಮಾರನೇ ವರ್ಷ ಕಾಂಪ್ಯಾಕ್ ಸೇರಿ 9 ಕಂಪನಿಗಳು ಒಟ್ಟಾಗಿ, ಹಳೇ ಕಾರ್ಡೂ ಕೂರುವಂಥ ತಮ್ಮದೇ ಸ್ಲಾಟ್ ತಂದವು. ಐಬಿಎಂ ಹಿಡಿತ ತಪ್ಪಿತು. ಪಿಸಿ ಒಂದೇ ಕಂಪನಿಯ ಸೊತ್ತಾಗಿ ಉಳಿಯಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ "ಅಸೆಂಬಲ್ಡ್ ಸಿಸ್ಟಮ್" ಅಂತ ಮಾರ್ತಾರಲ್ಲಾ, ಒಬ್ಬರ ಬೋರ್ಡ್, ಇನ್ನೊಬ್ಬರ ರ‍್ಯಾಮ್, ಮತ್ತೊಬ್ಬರ ಕ್ಯಾಬಿನೆಟ್, ಅದೆಲ್ಲ ಸಾಧ್ಯ ಆಗಿದ್ದು ಇದರಿಂದಲೇ.

ಗೇಮಿಂಗ್‌ಗೆ ಇದರ ಲಾಭ ಸಿಕ್ಕಿದ್ದು 1996ರಲ್ಲಿ. 3ಡಿಎಫ್ಎಕ್ಸ್ ಕಂಪನಿಯ ವೂಡೂ ಕಾರ್ಡ್ ಬಂತು. ಇದ್ದ ಕಾರ್ಡ್ ತೆಗೆಯೋದೇ ಬೇಡ, ಪಕ್ಕದ ಖಾಲಿ ಸ್ಲಾಟ್‌ಗೆ ಇದನ್ನ ಹಾಕಿ, ಎರಡರ ನಡುವೆ ಒಂದು ಕೇಬಲ್ ಸಿಕ್ಕಿಸಿದರೆ ಆಯ್ತು. ಅದರಲ್ಲಿದ್ದ ಮೆಮೊರಿ ಬರೀ 4 ಎಂಬಿ! ಅಷ್ಟಕ್ಕೇ ಕ್ವೇಕ್ ಗೇಮ್ ಬೇರೆಯದೇ ಯಂತ್ರದಲ್ಲಿ ಓಡಿದ ಹಾಗೆ ಕಾಣ್ತಿತ್ತು.

1998ರ ಆಗಸ್ಟ್‌ನಲ್ಲಿ ಇಂಟೆಲ್ ಅಗ್ಗದ ಸೆಲೆರಾನ್ 300ಎ ತಂದಿತು. 300 ಮೆಗಾಹರ್ಟ್ಸ್‌ನ ಚಿಪ್. ಬೋರ್ಡ್‌ನ ವೇಗ 66ರಿಂದ 100ಕ್ಕೆ ಏರಿಸಿದರೆ ಬಹಳಷ್ಟು ಚಿಪ್‌ಗಳು 450ರಲ್ಲಿ ಆರಾಮಾಗಿ ಓಡ್ತಿದ್ದವು. ಹಲವು ಪಟ್ಟು ದುಬಾರಿಯಾಗಿದ್ದ ಪೆಂಟಿಯಂ 2ಗೆ ಗೇಮ್‌ಗಳಲ್ಲಿ ಸರಿಸಾಟಿ. ಕಡಿಮೆ ದುಡ್ಡಲ್ಲಿ ಜಾಸ್ತಿ ಕೆಲಸ ತೆಗೆಯೋದು ಒಂದು ಹವ್ಯಾಸವೇ ಆಗಿ ಬೆಳೆದ ಕಾಲ ಅದು.

2004ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಮಾರುಕಟ್ಟೆಗೆ ಬಂತು. ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಇರೋದೂ ಅದೇ. ಹೊಸ ಆವೃತ್ತಿಯ ಕಾರ್ಡ್ ಹಳೇ ಆವೃತ್ತಿಯ ಸ್ಲಾಟ್‌ನಲ್ಲೂ ನಡೀಬೇಕು ಅನ್ನೋದು ಅದರ ನಿಯಮ. ಈ ದೊಡ್ಡ ಸ್ಲಾಟ್ ಕಾರ್ಡ್‌ಗೆ 75 ವ್ಯಾಟ್ ತನಕ ಕರೆಂಟ್ ಕೊಡಬಲ್ಲದು. 2016ರ ಅಕ್ಟೋಬರ್‌ನಲ್ಲಿ ಬಂದ ಎನ್ವಿಡಿಯಾ ಜಿಟಿಎಕ್ಸ್ 1050 ಟಿಐ ಸರಿಯಾಗಿ ಅಷ್ಟರೊಳಗೇ ಕೆಲಸ ಮಾಡ್ತಿತ್ತು. ಅದರ ಹಲವು ಮಾಡೆಲ್‌ಗಳಿಗೆ ಬೇರೆ ಪವರ್ ಕೇಬಲ್ ಬೇಕಿರಲಿಲ್ಲ. ಆಫೀಸ್‌ಗಳು ಹೊರಹಾಕಿದ ಡೆಸ್ಕ್‌ಟಾಪ್‌ಗಳು ಗೇಮಿಂಗ್ ಪಿಸಿ ಆಗಿದ್ದು ಇಂಥ ಕಾರ್ಡ್‌ಗಳಿಂದ.

ಈಗ ನಿಮ್ಮ 15 ಸಾವಿರಕ್ಕೆ ಬರೋಣ. ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿ. ಎಫ್‌ಪಿಎಸ್ ಅಷ್ಟಾಗಿ ಏರಲ್ಲ, ಆದರೆ ಲೋಡಿಂಗ್ ಕಾಯೋ ಕಾಟ ತಪ್ಪುತ್ತೆ. ರ‍್ಯಾಮ್ 16 ಜಿಬಿ ಮಾಡಿ. ಸಾಧ್ಯವಾದರೆ 8 ಜಿಬಿಯ ಎರಡು ಸ್ಟಿಕ್, ಆಗ ಎರಡೂ ಒಟ್ಟಿಗೆ ಕೆಲಸ ಮಾಡ್ತವೆ. ಡಿಡಿಆರ್3 ಬೋರ್ಡ್‌ಗೆ ಡಿಡಿಆರ್4 ಕೂರಲ್ಲ, ನೋಡ್ಕೊಂಡು ತಗೊಳ್ಳಿ. ಉಳಿದ ದುಡ್ಡೆಲ್ಲ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್‌ಗೆ. ಹಣ ಕೊಡೋ ಮುಂಚೆ ಅದು ಗೇಮ್ ಓಡಿಸೋದನ್ನ ಹತ್ತು ನಿಮಿಷ ಕಣ್ಣಾರೆ ನೋಡಿ.

ಎರಡು ಎಚ್ಚರಿಕೆ. ಒಂದು, ಎಸ್‌ಎಂಪಿಎಸ್‌ನಲ್ಲಿ ಜುಗ್ಗತನ ಬೇಡ. ಅದು ಕೆಟ್ಟರೆ ಬೋರ್ಡ್, ಕಾರ್ಡ್ ಎರಡನ್ನೂ ಕರ್ಕೊಂಡು ಹೋಗಬಹುದು. ದೊಡ್ಡ ಕಂಪನಿಗಳ ಹಲವು ಆಫೀಸ್ ಡೆಸ್ಕ್‌ಟಾಪ್‌ಗಳಲ್ಲಿ ಎಸ್‌ಎಂಪಿಎಸ್ ಆಕಾರ, ಪ್ಲಗ್ ಎರಡೂ ಬೇರೆ. ಅಂಗಡಿಯ ಮಾಮೂಲಿ ಎಸ್‌ಎಂಪಿಎಸ್ ಕೂರಲ್ಲ. ಎರಡು, ಕಾರ್ಡ್ ಹೊಸದು ಅಂದಾಕ್ಷಣ ಒಳ್ಳೇದು ಅಂತ ಅಲ್ಲ. 2022ರಲ್ಲಿ ಬಂದ ಎಎಂಡಿ ಆರ್‌ಎಕ್ಸ್ 6500 ಎಕ್ಸ್‌ಟಿ ಸ್ಲಾಟ್‌ನ 16 ಲೇನ್‌ಗಳಲ್ಲಿ 4 ಮಾತ್ರ ಬಳಸುತ್ತೆ. ಹೊಸ ಬೋರ್ಡ್‌ನಲ್ಲಿ ಅದು ನಡೆಯುತ್ತೆ, ಹಳೇ ಬೋರ್ಡ್‌ನಲ್ಲಿ ಏದುಸಿರು ಬಿಡುತ್ತೆ.

1987ರ ಥರ ಬಾಗಿಲು ಮುಚ್ಚೋ ಪ್ರಯತ್ನ ಈಗಲೂ ನಡೀತಿದೆ. 2020ರ ಮೇ ತಿಂಗಳಲ್ಲಿ ಎಎಂಡಿ, 400 ಸರಣಿಯ ಬೋರ್ಡ್‌ಗಳಲ್ಲಿ ಮುಂದಿನ ರೈಜನ್ ಪ್ರೊಸೆಸರ್‌ಗಳು ನಡೆಯಲ್ಲ ಅಂದಿತು. ಬಳಕೆದಾರರು ಗಲಾಟೆ ಎಬ್ಬಿಸಿದ ಮೇಲೆ ಅದೇ ತಿಂಗಳು ಮಾತು ಬದಲಿಸಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತು. ಚೆನ್ನಾಗಿ ಓಡ್ತಿರೋ ಎಷ್ಟೋ ಯಂತ್ರಗಳನ್ನ ವಿಂಡೋಸ್ 11 ಅಧಿಕೃತವಾಗಿ ಒಪ್ಪಲ್ಲ. ಬೋರ್ಡ್‌ಗೇ ಬೆಸುಗೆ ಹಾಕಿದ ರ‍್ಯಾಮ್ ಲ್ಯಾಪ್‌ಟಾಪ್‌ಗಳಲ್ಲಿ ಮಾಮೂಲಾಗ್ತಿದೆ.

ನೀವು ಕೊಂಡ ವಸ್ತುವಿನ ಆಯಸ್ಸು ಎಷ್ಟು ಅಂತ ನೀವು ಹೇಳಬೇಕಾ, ಮಾರಿದವರು ಹೇಳಬೇಕಾ? ಆ ಖಾಲಿ ಸ್ಲಾಟ್ ಇರೋ ತನಕ ಅದು ನಿಮ್ಮ ಕೈಯಲ್ಲಿದೆ. ಮುಂದೆ ಏನೇ ಕೊಂಡರೂ ಬೆಲೆ ಕೇಳೋ ಮುಂಚೆ ಇದನ್ನ ಕೇಳಿ: "ಇದರಲ್ಲಿ ಏನೇನು ಬದಲಾಯಿಸಬಹುದು?"