ಜೂಲಿಯಾ ಮಾರ್ಗನ್ ಮತ್ತು ಬರ್ಕ್ಲಿಯ ವಿದ್ಯಾರ್ಥಿನಿ ಭವನಗಳು

ಜೂಲಿಯಾ ಮಾರ್ಗನ್ (ಜನವರಿ 20, 1872 – ಫೆಬ್ರವರಿ 2, 1957) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ವಾಸ್ತುಶಿಲ್ಪಿ. ಇವರು ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿನಿ. ಪದವಿ ಪಡೆದ ನಂತರ ಇವರು ತಾವು ಸದಸ್ಯೆಯಾಗಿದ್ದ ವಿದ್ಯಾರ್ಥಿನಿ ಸಂಘದ ನಿವಾಸವನ್ನೂ, ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರಿಗಾಗಿ ಇತರ ಕಟ್ಟಡಗಳನ್ನೂ ವಿನ್ಯಾಸಗೊಳಿಸಿದರು. ಹರ್ಸ್ಟ್ ಕ್ಯಾಸಲ್ ಎಂಬ ಬೃಹತ್ ಸೌಧದಿಂದ ಇವರು ಹೆಚ್ಚು ಪರಿಚಿತರಾಗಿದ್ದರೂ, ಮಹಿಳೆಯರ ಶಿಕ್ಷಣ, ವಸತಿ ಮತ್ತು ಕೂಟಗಳಿಗಾಗಿ ಕಟ್ಟಿದ ಭವನಗಳು ಇವರ ಕಾರ್ಯದ ಮುಖ್ಯ ಭಾಗವಾಗಿವೆ.

ಹಿನ್ನೆಲೆ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 1868ರಲ್ಲಿ ಸ್ಥಾಪನೆಯಾಯಿತು. 1870ರಲ್ಲಿ ಅಲ್ಲಿ ಮಹಿಳೆಯರಿಗೂ ಪ್ರವೇಶ ನೀಡುವ ನಿರ್ಣಯವಾಯಿತು. ಆದರೆ ಪ್ರವೇಶ ದೊರೆತ ಮಾತ್ರಕ್ಕೆ ವಿದ್ಯಾರ್ಥಿನಿಯರಿಗೆ ತಂಗಲು, ಊಟ ಮಾಡಲು, ಒಟ್ಟಾಗಿ ಸೇರಲು ಸ್ಥಳ ದೊರೆಯಲಿಲ್ಲ. ಬರ್ಕ್ಲಿಯಲ್ಲಿ ವಿದ್ಯಾರ್ಥಿನಿಯರಿಗೆಂದೇ ಮೀಸಲಾದ ಮೊದಲ ವಿಶ್ವವಿದ್ಯಾಲಯ ವಸತಿ ನಿಲಯವಾದ ಸ್ಟರ್ನ್ ಹಾಲ್ ಆರಂಭವಾದುದು 1942ರಲ್ಲಿ. ಅಲ್ಲಿಯವರೆಗೆ ಅವರು ಸ್ವಂತ ಮನೆಯಿಂದ ಓಡಾಡಬೇಕಿತ್ತು, ಇಲ್ಲವೇ ಖಾಸಗಿ ವಸತಿಗೃಹಗಳಲ್ಲಿ ಅಥವಾ ವಿದ್ಯಾರ್ಥಿನಿ ಸಂಘಗಳ ನಿವಾಸಗಳಲ್ಲಿ ಉಳಿಯಬೇಕಿತ್ತು.

ಇಂತಹ ಸಂಘಗಳನ್ನು ಅಮೆರಿಕದಲ್ಲಿ ಸೊರೊರಿಟಿ ಎಂದು ಕರೆಯುತ್ತಾರೆ. ಇವುಗಳಿಗೆ ಸಾಮಾನ್ಯವಾಗಿ ಗ್ರೀಕ್ ಅಕ್ಷರಗಳ ಹೆಸರಿರುತ್ತದೆ. ಆಹ್ವಾನದ ಮೂಲಕ ಸದಸ್ಯತ್ವ ದೊರೆಯುತ್ತದೆ ಮತ್ತು ಪದವಿಯ ನಂತರವೂ ಅದು ಮುಂದುವರಿಯುತ್ತದೆ. ಸಂಘದ ಮನೆಯು ಸದಸ್ಯೆಯರಿಗೆ ವಸತಿ, ಭೋಜನಶಾಲೆ ಮತ್ತು ಸಭಾಂಗಣವಾಗಿ ಬಳಕೆಯಾಗುತ್ತದೆ. ಮಾರ್ಗನ್ ಸೇರಿದ ಕಪ್ಪಾ ಆಲ್ಫಾ ಥೀಟಾ ಸಂಘವು ಜನವರಿ 27, 1870ರಂದು ಇಂಡಿಯಾನಾ ರಾಜ್ಯದ ಗ್ರೀನ್‌ಕ್ಯಾಸಲ್‌ನಲ್ಲಿ ಬೆಟ್ಟಿ ಲಾಕ್ ಮತ್ತು ಅವರ ಮೂವರು ಸಹಪಾಠಿಗಳಿಂದ ಸ್ಥಾಪಿತವಾಯಿತು. ಇದರ ಬರ್ಕ್ಲಿ ಶಾಖೆಯು 1890ರಲ್ಲಿ ಆರಂಭವಾಯಿತು.

ಶಿಕ್ಷಣ

ಮಾರ್ಗನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನಿಸಿ, ಸಮೀಪದ ಓಕ್ಲೆಂಡ್‌ನಲ್ಲಿ ಬೆಳೆದರು. ಆಗ ಬರ್ಕ್ಲಿಯಲ್ಲಿ ವಾಸ್ತುಶಿಲ್ಪ ವಿಭಾಗವಿರಲಿಲ್ಲವಾದ್ದರಿಂದ ಸಿವಿಲ್ ಎಂಜಿನಿಯರಿಂಗ್ ವ್ಯಾಸಂಗ ಮಾಡಿ 1894ರಲ್ಲಿ ಪದವಿ ಪಡೆದರು. ವಾಸ್ತುಶಿಲ್ಪಿ ಬರ್ನಾರ್ಡ್ ಮೇಬೆಕ್ ಅವರ ಪ್ರೋತ್ಸಾಹದಿಂದ 1896ರಲ್ಲಿ ಪ್ಯಾರಿಸ್‌ಗೆ ತೆರಳಿದರು. ಅಲ್ಲಿನ ಎಕೋಲ್ ದೆ ಬೋಜಾರ್ ಕಲಾಶಾಲೆಯು ಅದುವರೆಗೆ ಮಹಿಳೆಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಲವು ಪ್ರಯತ್ನಗಳ ನಂತರ 1898ರಲ್ಲಿ ಮಾರ್ಗನ್ ಪ್ರವೇಶ ಪಡೆದು, ಆ ಶಾಲೆಯ ವಾಸ್ತುಶಿಲ್ಪ ವಿಭಾಗಕ್ಕೆ ಸೇರಿದ ಮೊದಲ ಮಹಿಳೆಯಾದರು. 1902ರಲ್ಲಿ ಪ್ರಮಾಣಪತ್ರದೊಂದಿಗೆ ಸ್ವದೇಶಕ್ಕೆ ಮರಳಿದರು. 1904ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಾಸ್ತುಶಿಲ್ಪಿಯಾಗಿ ಪರವಾನಗಿ ಪಡೆದ ಮೊದಲ ಮಹಿಳೆ ಎನಿಸಿದರು.

ಅದೇ ವರ್ಷ ಓಕ್ಲೆಂಡ್‌ನ ಮಹಿಳಾ ಕಾಲೇಜಾದ ಮಿಲ್ಸ್ ಕಾಲೇಜಿಗೆ ಕಬ್ಬಿಣದ ಸರಳುಗಳಿಂದ ಬಲಪಡಿಸಿದ ಕಾಂಕ್ರೀಟಿನ ಗಂಟೆ ಗೋಪುರವೊಂದನ್ನು ಕಟ್ಟಿದರು. 1906ರ ಭೂಕಂಪದಲ್ಲಿ ಈ ಗೋಪುರಕ್ಕೆ ಹಾನಿಯಾಗಲಿಲ್ಲ. ಇದರಿಂದ ಮಾರ್ಗನ್ ಅವರ ಖ್ಯಾತಿ ಹೆಚ್ಚಿತು.

ಸೊರೊರಿಟಿ ನಿವಾಸ

20ನೆಯ ಶತಮಾನದ ಮೊದಲ ದಶಕದಲ್ಲಿ ಮಾರ್ಗನ್ ಬರ್ಕ್ಲಿಯ ಕಪ್ಪಾ ಆಲ್ಫಾ ಥೀಟಾ ಶಾಖೆಗೆ ನಿವಾಸವನ್ನು ವಿನ್ಯಾಸಗೊಳಿಸಿದರು. ಸಂಘದ ಹಳೆಯ ಸದಸ್ಯೆಯೊಬ್ಬರು ಮುಂದಿನ ಪೀಳಿಗೆಗೆ ತಮ್ಮ ವೃತ್ತಿಯ ಮೂಲಕವೇ ನೆರವಾದುದಕ್ಕೆ ಇದು ಆರಂಭಿಕ ಉದಾಹರಣೆ. ಈ ಸಂಬಂಧ ಏಕಮುಖವಾಗಿರಲಿಲ್ಲ. ಸಂಘದ ಗೆಳತಿಯರು ಮತ್ತು ಅವರ ಕುಟುಂಬಗಳು ಮಾರ್ಗನ್ ಅವರಿಗೆ ಕೆಲಸಗಳನ್ನು ಒದಗಿಸಿದವು. ಪುರುಷರ ಕ್ಲಬ್ಬುಗಳಲ್ಲಿಯೂ ವ್ಯಾಪಾರ ವಲಯದಲ್ಲಿಯೂ ಪ್ರವೇಶವಿಲ್ಲದ ಮಹಿಳಾ ವಾಸ್ತುಶಿಲ್ಪಿಗೆ ಕಾಲೇಜು ದಿನಗಳ ಈ ಸ್ನೇಹವಲಯವು ವೃತ್ತಿಯ ಆಧಾರವಾಯಿತು.

ಹಿರಿಯ ವಿದ್ಯಾರ್ಥಿನಿಯರ ಭವನ

ಸೊರೊರಿಟಿ ನಿವಾಸದ ಪ್ರಯೋಜನವು ಅದರ ಸದಸ್ಯೆಯರಿಗೆ ಸೀಮಿತವಾಗಿತ್ತು. ವಿಶ್ವವಿದ್ಯಾಲಯದ ಆವರಣದಲ್ಲಿ ಅಂತಿಮ ವರ್ಷದ ಪುರುಷ ವಿದ್ಯಾರ್ಥಿಗಳಿಗಾಗಿ ಮರದ ದಿಮ್ಮಿಗಳ ಸಭಾಭವನವೊಂದು 1906ರ ವೇಳೆಗೆ ಸಿದ್ಧವಾಗಿತ್ತು. ಅದರಲ್ಲಿ ವಿದ್ಯಾರ್ಥಿನಿಯರಿಗೆ ಸ್ಥಾನವಿರಲಿಲ್ಲ. ಆದುದರಿಂದ ವಿದ್ಯಾರ್ಥಿನಿಯರು ಹಣ ಸಂಗ್ರಹಿಸಿ ತಮ್ಮದೇ ಭವನವನ್ನು ಕಟ್ಟಿಸಲು ಮುಂದಾದರು. ಇದರ ವಿನ್ಯಾಸವನ್ನು ಮಾರ್ಗನ್ ಮಾಡಿದರು. 1911ರಲ್ಲಿ ಪೂರ್ಣಗೊಂಡ ಈ ಭವನಕ್ಕೆ ಇಂಗ್ಲೆಂಡಿನ ಕೇಂಬ್ರಿಜ್‌ನ ಮಹಿಳಾ ಕಾಲೇಜಿನ ನೆನಪಿನಲ್ಲಿ ಗರ್ಟನ್ ಹಾಲ್ ಎಂಬ ಹೆಸರು ಬಂದಿತು. ಇದು ರೆಡ್‌ವುಡ್ ಮರದಿಂದ ಕಟ್ಟಿದ, ಒಳಗೆ ಅಗ್ಗಿಷ್ಟಿಕೆಯಿರುವ ಚಿಕ್ಕ ಕಟ್ಟಡ.

ರಸ್ತೆ ನಿರ್ಮಾಣಕ್ಕಾಗಿ 1946ರಲ್ಲಿ ಇದನ್ನು ಮೂಲ ಸ್ಥಳದಿಂದ ಸ್ಥಳಾಂತರಿಸಲಾಯಿತು. ನಂತರ ಇದು ಮಕ್ಕಳ ಪಾಲನಾ ಕೇಂದ್ರವಾಗಿ ಬಳಕೆಯಲ್ಲಿತ್ತು. 2014ರಲ್ಲಿ ಕಟ್ಟಡವನ್ನು ಭಾಗಗಳಾಗಿ ಬಿಡಿಸಿ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಸಾಗಿಸಿ ಮರುಜೋಡಿಸಲಾಯಿತು. ಈಗ ಇದರ ಹೆಸರು ಜೂಲಿಯಾ ಮಾರ್ಗನ್ ಹಾಲ್.

ಹರ್ಸ್ಟ್ ವ್ಯಾಯಾಮಶಾಲೆ

ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮೊದಲ ಮಹಿಳಾ ಸದಸ್ಯೆಯಾದ ಫೀಬಿ ಆಪರ್‌ಸನ್ ಹರ್ಸ್ಟ್ ಅವರು ವಿದ್ಯಾರ್ಥಿನಿಯರಿಗೆ ಹರ್ಸ್ಟ್ ಹಾಲ್ ಎಂಬ ಕಟ್ಟಡವನ್ನು ಕೊಡುಗೆಯಾಗಿ ನೀಡಿದ್ದರು. ಅದು 1922ರಲ್ಲಿ ಬೆಂಕಿಗೆ ಆಹುತಿಯಾಯಿತು. ಅವರ ಮಗ, ಪತ್ರಿಕೋದ್ಯಮಿ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್, ತಾಯಿಯ ಸ್ಮರಣಾರ್ಥ ಹೊಸ ಮಹಿಳಾ ವ್ಯಾಯಾಮಶಾಲೆಯನ್ನು ಕಟ್ಟಿಸಿದರು. ಮೇಬೆಕ್ ಮತ್ತು ಮಾರ್ಗನ್ ಜೊತೆಯಾಗಿ ವಿನ್ಯಾಸಗೊಳಿಸಿದ ಈ ಕಟ್ಟಡ 1927ರಲ್ಲಿ ಪೂರ್ಣಗೊಂಡಿತು. ಹೀಗೆ ಮಾರ್ಗನ್ ತಮ್ಮ ಗುರುವಿನೊಂದಿಗೆ ತಾವು ಕಲಿತ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದರು.

ಇತರ ಮಹಿಳಾ ಸಂಸ್ಥೆಗಳು

ಮಾರ್ಗನ್ ಯಂಗ್ ವಿಮೆನ್ಸ್ ಕ್ರಿಶ್ಚಿಯನ್ ಅಸೋಸಿಯೇಷನ್ ಸಂಸ್ಥೆಗಾಗಿ ಅನೇಕ ಕಟ್ಟಡಗಳನ್ನು ವಿನ್ಯಾಸಗೊಳಿಸಿದರು. ಅವುಗಳಲ್ಲಿ 1913ರಲ್ಲಿ ಆರಂಭವಾದ ಅಸಿಲೋಮಾರ್ ಶಿಬಿರ ಕೇಂದ್ರ ಮುಖ್ಯವಾದುದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದುಡಿಯುವ ಯಹೂದಿ ಯುವತಿಯರಿಗಾಗಿ ಕಟ್ಟಿದ ವಸತಿಗೃಹ ಮತ್ತು 1930ರಲ್ಲಿ ತೆರೆದ ಬರ್ಕ್ಲಿ ಮಹಿಳಾ ನಗರ ಕ್ಲಬ್ ಇವರ ಇತರ ಕೃತಿಗಳು.

ಗೌರವಗಳು

1929ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಮಾರ್ಗನ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಇವರು ತಮ್ಮ ವೃತ್ತಿಜೀವನದಲ್ಲಿ ಸುಮಾರು 700 ಕಟ್ಟಡಗಳನ್ನು ವಿನ್ಯಾಸಗೊಳಿಸಿದರು. 1951ರಲ್ಲಿ ತಮ್ಮ ಕಚೇರಿಯನ್ನು ಮುಚ್ಚಿದರು. ಅಮೆರಿಕನ್ ವಾಸ್ತುಶಿಲ್ಪಿಗಳ ಸಂಸ್ಥೆಯ ಚಿನ್ನದ ಪದಕವು 2014ರಲ್ಲಿ ಇವರಿಗೆ ಮರಣೋತ್ತರವಾಗಿ ಸಂದಿತು. ಈ ಪದಕ ಪಡೆದ ಮೊದಲ ಮಹಿಳೆ ಇವರು.